ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ ಕಿತ್ತುಬಂದಿದೆ: ಹೆಡ್ ಬದಲಿಸಬೇಕೇ, ಉಳಿಸಿಕೊಳ್ಳಬಹುದೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು. ಮೂರು ಸಿಲಿಂಡರಿನ ಹಳೆಯ ಪೆಟ್ರೋಲ್ ಕಾರು ಇದೆ. ಈಚೆಗೆ ಸರ್ವಿಸ್ ಮಾಡಿಸುವಾಗ ನಡುವಿನ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಲು ಬಹಳ ಕಷ್ಟಪಟ್ಟರು. ಕೊನೆಗೆ ಹೊರಬಂದಾಗ ಅದರ ಥ್ರೆಡ್ಡಿಗೆ ಬೆಳ್ಳಿ ಬಣ್ಣದ ತಂತಿಯಂಥ ಸುರುಳಿ ಅಂಟಿಕೊಂಡಿತ್ತು. ಹೊಸ ಪ್ಲಗ್ ಹಾಕಿದರೆ ಸ್ವಲ್ಪ ಬಿಗಿಯಾದಂತಾಗಿ ಮತ್ತೆ ಸುಮ್ಮನೆ ಸುತ್ತುತ್ತದೆ. ಹಾಗೆಯೇ ಓಡಿಸುತ್ತಿದ್ದೇನೆ; ಏರು ಹತ್ತುವಾಗ ‘ಚಸ್ ಚಸ್’ ಎಂಬ ಸದ್ದು ಬರುತ್ತದೆ. ಒಬ್ಬ ಮೆಕ್ಯಾನಿಕ್ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡನ್ನೇ ಬದಲಿಸಬೇಕೆನ್ನುತ್ತಾರೆ, ಇನ್ನೊಬ್ಬರು ಪ್ಲಗ್ಗಿಗೆ ತಾಮ್ರದ ತಂತಿ ಸುತ್ತಿ ಬಿಗಿದರೆ ಸಾಕೆನ್ನುತ್ತಾರೆ, ಮತ್ತೊಬ್ಬರು ಬುಶ್ ಹಾಕಿಸಿ ಎನ್ನುತ್ತಾರೆ. ಅದೇ ಸರ್ವಿಸಿನಲ್ಲಿ, ಹಳೆಯ ಎಂಜಿನ್ ಎಣ್ಣೆ ಇಳಿಸಲು ಬಿಚ್ಚುವ ಆಯಿಲ್ ಡ್ರೈನ್ ಪ್ಲಗ್ಗಿನ ಥ್ರೆಡ್ಡೂ ಹೋಗಿದೆ ಎಂದು ಟೆಫ್ಲಾನ್ ಟೇಪ್ ಸುತ್ತಿ ಹಾಕಿದ್ದಾರೆ. ಬೆಳಿಗ್ಗೆ ನೋಡಿದರೆ ಕಾರಿನ ಕೆಳಗೆ ಎರಡು ಮೂರು ಹನಿ ಎಣ್ಣೆ ಬಿದ್ದಿರುತ್ತದೆ. ಅಡಿಕೆ ಕೊಯ್ಲು ಶುರುವಾಗುವುದರೊಳಗೆ ಕಾರು ಸರಿಯಾಗಬೇಕು. ಯಾರ ಮಾತು ಕೇಳಲಿ?

ಉತ್ತರ: ಮೊದಲು ಕಾರನ್ನು ನಿಲ್ಲಿಸಿ. ರಿಪೇರಿಗೆ ಒಯ್ಯುವುದಾದರೂ ಬೇರೆ ವಾಹನದ ಮೇಲೆ ಹೇರಿಸಿಕೊಂಡು ಅಥವಾ ಎಳೆಸಿಕೊಂಡು ಒಯ್ಯಿರಿ. ಅದರದೇ ಎಂಜಿನ್ನಿನಲ್ಲಿ ಓಡಿಸಿಕೊಂಡು ಹೋಗಬೇಡಿ. ನೀವು ಕೇಳುತ್ತಿರುವ ‘ಚಸ್ ಚಸ್’ ಸದ್ದು ಉರಿಯುವ ಅನಿಲ ಪ್ಲಗ್ಗಿನ ಪಕ್ಕದಿಂದ ಹೊರನುಗ್ಗುವ ಸದ್ದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ಸಿಲಿಂಡರಿನೊಳಗಿನ ಒತ್ತಡ ಒಂದೊಂದು ಸ್ಫೋಟದಲ್ಲೂ 50 ಬಾರ್ ಆಸುಪಾಸಿಗೆ, ಎಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು ಐವತ್ತು ಪಟ್ಟಿಗೆ ಏರುತ್ತದೆ. ಹೆಚ್ಚಿನ ಕಾರುಗಳಲ್ಲಿರುವ 14 ಮಿಲಿಮೀಟರ್ ಪ್ಲಗ್ಗಿನ ತಳದ ಮೇಲೆ ಆ ಒತ್ತಡ ಬಿದ್ದರೆ ಅದು ಪ್ಲಗ್ಗನ್ನು ಮೇಲಕ್ಕೆ ತಳ್ಳುವ ಬಲ 75ರಿಂದ 80 ಕೆಜಿ ತೂಕಕ್ಕೆ ಸಮ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಇದು ಸೆಕೆಂಡಿಗೆ 25 ಸಲ ನಡೆಯುತ್ತದೆ. ಅಳಿದುಳಿದ ಅರ್ಧಂಬರ್ಧ ಥ್ರೆಡ್ ಇದನ್ನು ಎಷ್ಟು ಹೊತ್ತು ತಡೆದೀತು? ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಪ್ಲಗ್ ಚಿಮ್ಮಿ ಹೊರಬಿದ್ದರೆ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಮೇಲಿನ ಇಗ್ನಿಷನ್ ಕಾಯಿಲ್ ಒಡೆಯುತ್ತದೆ, ಪೆಟ್ರೋಲ್ ಬೆರೆತ ಗಾಳಿ ಬಾನೆಟ್ಟಿನೊಳಗೆ ತೆರೆದ ತೂತಿನಿಂದ ಉಗುಳುತ್ತಿರುತ್ತದೆ, ಬೆಂಕಿಯ ಅಪಾಯವೂ ಇದೆ.

ಪ್ಲಗ್ ಹಾರಿಹೋಗದಿದ್ದರೂ ಹಾನಿ ತಪ್ಪುವುದಿಲ್ಲ. ಸ್ಪಾರ್ಕ್ ಪ್ಲಗ್ ತನ್ನ ತುದಿಯ ಬಿಸಿಯನ್ನು ಬಹುಪಾಲು ಥ್ರೆಡ್ಡಿನ ಮತ್ತು ಕೂರುವ ಅಂಚಿನ ಮೂಲಕವೇ ಹೆಡ್ಡಿಗೆ ದಾಟಿಸಿ ತಣ್ಣಗಾಗುತ್ತದೆ. ಸಡಿಲ ಪ್ಲಗ್ಗಿಗೆ ಆ ದಾರಿ ಮುಚ್ಚಿಹೋಗಿ ಅದರ ತುದಿ ಕೆಂಡದಂತೆ ಕಾಯುತ್ತದೆ. ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳತೊಡಗಿದರೆ ಪಿಸ್ಟನ್ನಿನ ತಲೆ ಕರಗುವ ಮಟ್ಟಕ್ಕೂ ಹೋಗಬಹುದು. ಒಂದು ತೂತಿನ ರಿಪೇರಿಯಲ್ಲಿ ಮುಗಿಯುವ ಕೆಲಸ ಎಂಜಿನ್ನನ್ನು ಪೂರ್ತಿ ಬಿಚ್ಚುವ ಕೆಲಸವಾಗುವುದು ಹೀಗೆಯೇ.

ಇನ್ನು ಮೂವರ ಮಾತಿನಲ್ಲಿ ಯಾರದು ಸರಿ ಎಂಬ ಪ್ರಶ್ನೆ. ಬುಶ್, ಎಂದರೆ ತೂತಿನೊಳಗೆ ಕೂರಿಸುವ ಥ್ರೆಡ್ಡಿರುವ ಕೊಳವೆ, ಹಾಕಿಸಿ ಎಂದವರ ಮಾತು ಸರಿ. ಹೆಡ್ ಬದಲಿಸಿ ಎಂದವರ ಮಾತು ಈಗ ಸರಿಯಲ್ಲ; ಆದರೆ ತಾಮ್ರದ ತಂತಿ ಸುತ್ತಿ ಬಿಗಿಯಿರಿ ಎಂದವರ ಮಾತು ಕೇಳಿದರೆ ನಾಳೆ ಅದೂ ಸರಿಯಾಗಿಬಿಡುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಥ್ರೆಡ್ ಹೋದ ತೂತಿಗೆ ಒಳ್ಳೆಯ ರಿಪೇರಿ ಸಾಧ್ಯವಾಗುವುದು ತೂತಿನ ಸುತ್ತ ಗಟ್ಟಿ ಲೋಹ ಉಳಿದಿರುವವರೆಗೆ ಮಾತ್ರ. ಸ್ಪಾರ್ಕ್ ಪ್ಲಗ್ಗಿನ ತೂತಿನ ಒಂದು ಮಗ್ಗುಲಲ್ಲಿ ವಾಲ್ವುಗಳು ಕೂರುವ ವಾಲ್ವ್ ಸೀಟುಗಳಿರುತ್ತವೆ, ಇನ್ನೊಂದು ಮಗ್ಗುಲಲ್ಲಿ ತೆಳುವಾದ ಗೋಡೆಯಾಚೆ ಕೂಲಂಟ್ ಹರಿಯುತ್ತಿರುತ್ತದೆ. ತಂತಿ ಸುತ್ತಿದ ಪ್ಲಗ್ಗನ್ನು ಜೋರಿನಿಂದ ತಿರುಗಿಸಿದಾಗ ಅದು ಉಳಿದ ಅಲ್ಯೂಮಿನಿಯಂ ಅನ್ನೂ ವಾರೆಕೋರೆಯಾಗಿ ಕೆರೆದುಹಾಕುತ್ತದೆ, ತೂತು ದುಂಡಗೆ ಉಳಿಯುವುದಿಲ್ಲ, ಅದರ ನಡುಗೆರೆ ವಾಲುತ್ತದೆ. ಎರಡು ಸಲ ಹೀಗೆ ಮಾಡಿದ ಮೇಲೆ ಬುಶ್ ಕೂರಿಸಲು ತೂತನ್ನು ಇನ್ನಷ್ಟು ದೊಡ್ಡದು ಮಾಡಬೇಕಾಗುತ್ತದೆ, ಕೂರಿಸಲು ಜಾಗವೇ ಇರುವುದಿಲ್ಲ. ಎಂ-ಸೀಲ್ ಮೆತ್ತುವುದು, ಒಂದು ಅಳತೆ ದೊಡ್ಡದಾದ ಪ್ಲಗ್ಗನ್ನು ಒತ್ತಿ ತಿರುಗಿಸುವುದು, ಥ್ರೆಡ್ ಕತ್ತರಿಸುವ ಟ್ಯಾಪನ್ನು ಕೈ ಅಂದಾಜಿನಲ್ಲಿ ಹೊಡೆಯುವುದು, ಇವೆಲ್ಲವೂ ಇದೇ ಸಾಲಿಗೆ ಸೇರಿದವು. ಯಾವ ರಿಪೇರಿಯನ್ನು ಒಪ್ಪುವ ಮುನ್ನವೂ ಅದು ಎಷ್ಟು ಲೋಹವನ್ನು ತಿನ್ನುತ್ತದೆ, ಅದು ಕೈಕೊಟ್ಟರೆ ಮುಂದಿನ ರಿಪೇರಿಗೆ ಏನು ಉಳಿಯುತ್ತದೆ ಎಂದು ಕೇಳಿಕೊಳ್ಳಿ.

ಹೀಗಾದದ್ದು ಏಕೆ ಎಂಬುದನ್ನು ತಿಳಿದುಕೊಂಡರೆ ಉಳಿದ ಎರಡು ಪ್ಲಗ್ಗುಗಳನ್ನಾದರೂ ಕಾಪಾಡಿಕೊಳ್ಳಬಹುದು. ಈಗಿನ ಕಾರುಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಪ್ಲಗ್ಗಿನ ಮೈ ಉಕ್ಕಿನದು. ಇವೆರಡು ಜಗಳಕ್ಕೆ ಬಿದ್ದರೆ ಸೋಲುವುದು ಯಾವಾಗಲೂ ಹೆಡ್ಡೇ. ಹಳೆಯ ಅಂಬಾಸಡರ್ ಕಾರಿನಲ್ಲಿ ಸಿಲಿಂಡರುಗಳಿರುವ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ಆ ಕಾಲದ ಎಂಜಿನ್ನುಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ಕುಗಳ ಬಿಗಿ ಅಲ್ಯೂಮಿನಿಯಮ್ಮಿಗೆ ವಿಪರೀತವಾಗುವುದುಂಟು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ, ಆದರೆ ಕೈಯ ಅಂದಾಜು ಕಲಿತ ಲೋಹಕ್ಕೆ ಮಾತ್ರ ಸರಿಹೊಂದುತ್ತದೆ. ಎಂಜಿನ್ ಬಿಸಿಯಿದ್ದಾಗಲೇ ಪ್ಲಗ್ ಬಿಚ್ಚುವುದು ಎರಡನೆಯ ಕಾರಣ. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಸುಲಭವಾಗಿ ಉಕ್ಕಿಗೆ ಅಂಟಿಕೊಂಡು ಹರಿದುಬರುತ್ತದೆ. ಸರ್ವಿಸಿಗೆ ಕಾರನ್ನು ಓಡಿಸಿಕೊಂಡು ಬಂದ ತಕ್ಷಣ ಬಾನೆಟ್ ತೆಗೆದು ಪ್ಲಗ್ಗಿಗೆ ಕೈ ಹಾಕುವುದು ನಮ್ಮಲ್ಲಿ ದಿನನಿತ್ಯದ ಸಂಗತಿ. ಹೆಡ್ ಕೈಯಿಂದ ಮುಟ್ಟುವಷ್ಟು ತಣ್ಣಗಾಗುವವರೆಗೆ ಕಾಯಲೇಬೇಕು.

ಮೂರನೆಯ ಕಾರಣ ಮಲೆನಾಡಿನದೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ; ಆ ಸೀಮೆಯಲ್ಲಿ ತಿಂಗಳುಗಟ್ಟಲೆ ಒದ್ದೆ ರಸ್ತೆಯಲ್ಲೇ ಓಡುವ ಕಾರಿನ ಎಂಜಿನ್ ಕೋಣೆ ಒಣಗುವುದೇ ಅಪರೂಪ. ಪ್ಲಗ್ ಕೂರುವ ಆಳವಾದ ಬಾವಿಯೊಳಗೆ, ಕಾಯಿಲ್ಲಿನ ರಬ್ಬರ್ ಹಳೆಯದಾಗಿದ್ದರೆ, ನೀರೂ ಕೆಸರೂ ಇಳಿಯುತ್ತವೆ. ಸರ್ವಿಸ್ ಸ್ಟೇಷನ್ನಿನಲ್ಲಿ ಎಂಜಿನ್ನಿಗೆ ಜೋರಾಗಿ ನೀರು ಹೊಡೆಸಿದರೂ ಹಾಗೆಯೇ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಕೊಳೆ ಬೆರೆತ ನೀರು ನಿಂತರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಥ್ರೆಡ್ಡಿನ ಸಂದಿಯಲ್ಲಿ ತುಂಬಿಕೊಂಡು ಪ್ಲಗ್ಗನ್ನು ಸಿಮೆಂಟ್ ಹಾಕಿದಂತೆ ಹಿಡಿದುಬಿಡುತ್ತದೆ. ನಿಮ್ಮ ಮೆಕ್ಯಾನಿಕ್ ಕಷ್ಟಪಟ್ಟದ್ದು ಬಹುಶಃ ಇದಕ್ಕೇ. ಹೀಗೆ ಕಚ್ಚಿಕೊಂಡ ಪ್ಲಗ್ಗಿಗೆ ಸಂದಿಯೊಳಕ್ಕೆ ಇಳಿಯುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇರಿಸಿ, ಮರುದಿನ ಕಾಲು ಸುತ್ತು ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಎಣ್ಣೆ ಬಿಟ್ಟು ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ಒಂದೇ ಸಮನೆ ಎಳೆದರೆ ಸುರುಳಿ ಕಿತ್ತುಬರುತ್ತದೆ.

ಆ ಹಳೆಯ ಪ್ಲಗ್ ನಿಮ್ಮ ಬಳಿ ಇದ್ದರೆ ಎಸೆಯಬೇಡಿ. ಹೆಡ್ಡಿನ ಸ್ಥಿತಿ ಅದರ ಮೈಮೇಲೆಯೇ ಕಾಣುತ್ತದೆ. ಥ್ರೆಡ್ಡಿರುವ ಭಾಗದ ಉದ್ದ ಅಳೆಯಿರಿ. 19 ಮಿಲಿಮೀಟರ್ ಇದ್ದು, ಸುತ್ತುಗಳ ನಡುವಿನ ಅಂತರ 1.25 ಮಿಲಿಮೀಟರ್ ಆಗಿದ್ದರೆ ಸುಮಾರು 15 ಸುತ್ತುಗಳಿರುತ್ತವೆ. ಅಲ್ಯೂಮಿನಿಯಂ ಸುರುಳಿ ಅದರಲ್ಲಿ ಎಷ್ಟು ಸುತ್ತಿಗೆ ಅಂಟಿದೆ ಎಂದು ಎಣಿಸಿ. ತುದಿಯ ಎರಡು ಮೂರು ಸುತ್ತಿಗೆ ಮಾತ್ರ ಅಂಟಿದ್ದರೆ, ಹೊಸ ಪ್ಲಗ್ ಬಿಗಿಯಾಗದಿರುವುದಕ್ಕೆ ಕಾರಣ ಕೆಳಗಿನ ಸುತ್ತುಗಳಲ್ಲಿ ಸಿಕ್ಕಿಕೊಂಡ ಚೂರಾಗಿರಬಹುದು. ಥ್ರೆಡ್ ಸ್ವಚ್ಛ ಮಾಡುವ ಚೇಸರ್ ಹಾಕಿದರೆ ಸಾಕಾಗಲೂಬಹುದು. ಚೇಸರ್ ಬೇರೆ, ಕತ್ತರಿಸುವ ಟ್ಯಾಪ್ ಬೇರೆ ಎಂಬುದು ನೆನಪಿರಲಿ. ಚೇಸರ್ ಇರುವ ಥ್ರೆಡ್ಡನ್ನು ನೇರ ಮಾಡುತ್ತದೆ. ಟ್ಯಾಪ್ ಹೊಸದಾಗಿ ಕತ್ತರಿಸುತ್ತದೆ, ಸವೆದ ತೂತಿಗೆ ಹಾಕಿದರೆ ಇರುವ ಲೋಹವನ್ನೂ ತೆಗೆಯುತ್ತದೆ. ಆದರೆ ನಿಮ್ಮ ಪ್ಲಗ್ ಬಿಗಿಯಾದಂತಾಗಿ ಮತ್ತೆ ಸುತ್ತುತ್ತದೆ, ಅನಿಲವೂ ಸೋರುತ್ತಿದೆ ಎಂದಮೇಲೆ ಸುರುಳಿ ಹತ್ತು ಹನ್ನೆರಡು ಸುತ್ತಿನಷ್ಟು ಬಂದಿರುವ ಸಾಧ್ಯತೆಯೇ ಹೆಚ್ಚು. ಮೊಬೈಲಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾವನ್ನು ಬಾವಿಯೊಳಗೆ ಇಳಿಸಿ ನೋಡಿದರೆ ಥ್ರೆಡ್ ಎಲ್ಲಿಂದ ಎಲ್ಲಿಯವರೆಗೆ ಹೋಗಿದೆ, ಪ್ಲಗ್ಗಿನ ವಾಷರ್ ಕೂರುವ ಅಂಚು ನಯವಾಗಿದೆಯೇ, ತೂತಿನಿಂದ ವಾಲ್ವ್ ಸೀಟಿನ ಕಡೆಗೆ ಕೂದಲೆಳೆಯ ಬಿರುಕೇನಾದರೂ ಇದೆಯೇ ಎಂಬುದು ಗೊತ್ತಾಗುತ್ತದೆ. ಬಿರುಕು ಇದ್ದರೆ ಮಾತ್ರ ಹೆಡ್ ಬದಲಿಸುವ ಮಾತನ್ನು ಒಪ್ಪಿ.

ಬಿರುಕು ಇಲ್ಲವೆಂದಾದರೆ ಎರಡು ದಾರಿಗಳಿವೆ. ಒಂದು, ಹೆಲಿಕಾಯಿಲ್ ಎಂದು ಎಲ್ಲರೂ ಕರೆಯುವ ತಂತಿ ಸುರುಳಿ. ಸ್ಟೇನ್‌ಲೆಸ್ ಸ್ಟೀಲಿನ, ವಜ್ರಾಕಾರದ ಅಡ್ಡಸೀಳಿರುವ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿರುತ್ತಾರೆ. ಹಾಳಾದ ತೂತಿಗೆ ಅದಕ್ಕೆಂದೇ ಇರುವ ಟ್ಯಾಪಿನಿಂದ ದೊಡ್ಡ ಥ್ರೆಡ್ ಕತ್ತರಿಸಿ ಈ ಸುರುಳಿಯನ್ನು ಅದರೊಳಗೆ ತಿರುಗಿಸಿ ಕೂರಿಸಿದರೆ ಒಳಮೈಯಲ್ಲಿ ಮೊದಲಿನದೇ ಅಳತೆಯ ಥ್ರೆಡ್ ಸಿಗುತ್ತದೆ, ಅದೂ ಉಕ್ಕಿನದು. 14 ಮಿಲಿಮೀಟರ್ ಪ್ಲಗ್ಗಿನ ತೂತಿಗೆ ಇದಕ್ಕಾಗಿ ಕತ್ತರಿಸುವ ಥ್ರೆಡ್ಡಿನ ಹೊರ ಅಳತೆ ಸುಮಾರು 15.6 ಮಿಲಿಮೀಟರ್, ಎಂದರೆ ಸುತ್ತಲೂ 0.8 ಮಿಲಿಮೀಟರ್ ಲೋಹ ಮಾತ್ರ ಹೋಗುತ್ತದೆ. ಇದು ತಾತ್ಕಾಲಿಕ ಉಪಾಯ ಎಂಬ ಭಾವನೆ ನಮ್ಮ ಗ್ಯಾರೇಜುಗಳಲ್ಲಿ ಬೇರೂರಿದೆ, ಅದು ತಪ್ಪು. ಸಣ್ಣ ವಿಮಾನಗಳ ಪಿಸ್ಟನ್ ಎಂಜಿನ್ನುಗಳ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ಗಿನ ತೂತಿಗೆ ಕಾರ್ಖಾನೆಯಲ್ಲೇ ಇಂಥ ಸುರುಳಿ ಹಾಕಿರುತ್ತಾರೆ. ಅಲ್ಯೂಮಿನಿಯಂ ಮೇಲೆ ಬೀಳುವ ಬಲ ಈಗ ಮೊದಲಿಗಿಂತ ದೊಡ್ಡ ಸುತ್ತಳತೆಯ ಮೇಲೆ ಹಂಚಿಹೋಗುವುದರಿಂದ ಸರಿಯಾಗಿ ಹಾಕಿದ ಸುರುಳಿ ಮೂಲ ಥ್ರೆಡ್ಡಿಗಿಂತ ಗಟ್ಟಿ.

ಎರಡನೆಯದು ಗಟ್ಟಿ ಬುಶ್. ಇದು ಒಳಗೂ ಹೊರಗೂ ಥ್ರೆಡ್ಡಿರುವ ಉಕ್ಕಿನ ಕೊಳವೆ. ಮೇಲ್ತುದಿಯಲ್ಲಿ ಸಣ್ಣ ಕಾಲರ್ ಇರುತ್ತದೆ. ಸುರುಳಿಗಿಂತ ಸ್ವಲ್ಪ ಹೆಚ್ಚು ಲೋಹ ಬೇಡುತ್ತದೆ, ಆದರೆ ಪ್ಲಗ್ಗಿಗೆ ನಾನು ಆರಿಸುವುದು ಇದನ್ನೇ. ತಂತಿ ಸುರುಳಿಯನ್ನು ತಿರುಗಿಸಲು ಅದರ ಕೆಳತುದಿಯಲ್ಲಿ ಒಂದು ಅಡ್ಡ ನಾಲಗೆ ಇರುತ್ತದೆ, ಕೂರಿಸಿದ ಮೇಲೆ ಅದನ್ನು ಮುರಿದು ತೆಗೆಯಬೇಕು. ಪ್ಲಗ್ಗಿನ ತೂತಿನಲ್ಲಿ ಅದು ಕೈಜಾರಿದರೆ ನೇರ ಸಿಲಿಂಡರಿಗೆ ಬೀಳುತ್ತದೆ. ಮುಂದೆ ಎಂದಾದರೂ ಪ್ಲಗ್ ಬಿಚ್ಚುವಾಗ ಸುರುಳಿಯೂ ಅದರೊಂದಿಗೆ ಎದ್ದುಬರುವುದುಂಟು. ಬುಶ್ಶಿಗೆ ಇವೆರಡೂ ತೊಂದರೆಯಿಲ್ಲ, ಬಿಸಿಯನ್ನೂ ಅದು ಚೆನ್ನಾಗಿ ದಾಟಿಸುತ್ತದೆ. ಆದರೆ ಬುಶ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಲೇತ್ ಅಂಗಡಿಯಲ್ಲಿ ಒಂದು ತುಂಡು ಉಕ್ಕನ್ನು ಕಡೆದು ಥ್ರೆಡ್ ಮಾಡಿ, ಥ್ರೆಡ್ ಅಂಟು ಹಚ್ಚಿ ಕೂರಿಸಿಕೊಡುವುದುಂಟು. ಸಾಮಾನ್ಯ ಥ್ರೆಡ್ ಅಂಟು 150 ಡಿಗ್ರಿ ಸೆಲ್ಷಿಯಸ್ ದಾಟಿದರೆ ಹಿಡಿತ ಕಳೆದುಕೊಳ್ಳುತ್ತದೆ, ಪ್ಲಗ್ಗಿನ ಸುತ್ತಲಿನ ಜಾಗ ಅದಕ್ಕಿಂತ ಬಿಸಿಯಾಗಬಲ್ಲದು. ಆದ್ದರಿಂದ ಬುಶ್ ಅಂಟಿನ ಭರವಸೆಯ ಮೇಲೆ ನಿಲ್ಲಬಾರದು; ಕೆಳಗಿನ ಸುತ್ತುಗಳು ಹಿಗ್ಗಿ ಹೆಡ್ಡಿಗೆ ಕಚ್ಚಿಕೊಳ್ಳುವ ಬಗೆಯದಾಗಿರಬೇಕು, ಇಲ್ಲವೇ ಅಂಚಿನಲ್ಲಿ ಪಂಚ್ ಹೊಡೆದು ತಿರುಗದಂತೆ ಬಂಧಿಸಿರಬೇಕು.

ಬುಶ್ಶಿನ ಉದ್ದದ ಬಗ್ಗೆಯೂ ಎಚ್ಚರ ಬೇಕು. ಪ್ಲಗ್ಗಿನ ಥ್ರೆಡ್ 19 ಮಿಲಿಮೀಟರ್ ಇದ್ದರೆ ಬುಶ್ ಅದಕ್ಕೆ ಸರಿಯಾಗಿ ಹೊಂದಬೇಕು. ಉದ್ದ ಹೆಚ್ಚಾದರೆ ಅದರ ತುದಿ ದಹನ ಕೋಣೆಯೊಳಗೆ ಚಾಚಿಕೊಂಡು ಕೆಂಪಗೆ ಕಾಯುತ್ತದೆ. ಕಡಿಮೆಯಾದರೆ ಪ್ಲಗ್ಗಿನ ಕೊನೆಯ ಸುತ್ತುಗಳಿಗೆ ಹಿಡಿತವಿರುವುದಿಲ್ಲ, ಆ ಜಾಗದಲ್ಲಿ ಇಂಗಾಲ ಕಟ್ಟಿ ಮುಂದಿನ ಸಲ ಬಿಚ್ಚುವಾಗ ಅದೇ ಗೋಳು. ಕಾಲರ್ ಕೂರಲು ಹೆಡ್ಡಿನಲ್ಲಿ ತಗ್ಗು ಕೊರೆಯದೆ ಹಾಗೆಯೇ ಕೂರಿಸಿದರೆ ಪ್ಲಗ್ ಅಷ್ಟು ಮೇಲೆ ನಿಲ್ಲುತ್ತದೆ, ಕಿಡಿಯ ಜಾಗ ಬದಲಾಗುತ್ತದೆ. ಬುಶ್ಶಿನ ಮೇಲ್ಮೈ ಮೂಲ ಅಂಚಿಗೆ ಸಮನಾಗಿರಬೇಕು.

ಹೆಡ್ ಇಳಿಸಬೇಕೇ, ಇಳಿಸದೆಯೇ ಮಾಡಬಹುದೇ ಎಂಬುದು ಖರ್ಚಿನ ದೃಷ್ಟಿಯಿಂದ ದೊಡ್ಡ ಪ್ರಶ್ನೆ. ಇಳಿಸದೆಯೇ ಮಾಡಲು ಸಾಧ್ಯವಿದೆ, ಎರಡು ಷರತ್ತುಗಳ ಮೇಲೆ. ಮೊದಲನೆಯದು, ಕೆಲಸಗಾರನ ಬಳಿ ಮೆಟ್ಟಿಲಿನಂಥ ಟ್ಯಾಪ್ ಇರಬೇಕು. ಇದರ ಮುಂತುದಿ ಹಳೆಯ ತೂತಿನಲ್ಲಿ ಉಳಿದ ಅಲ್ಪಸ್ವಲ್ಪ ಥ್ರೆಡ್ಡನ್ನೇ ಹಿಡಿದು ನೇರವಾಗಿ ಇಳಿಯುತ್ತದೆ, ಹಿಂದಿನ ದಪ್ಪ ಭಾಗ ಹೊಸ ಥ್ರೆಡ್ ಕತ್ತರಿಸುತ್ತದೆ. ಕೈ ಡ್ರಿಲ್ ಹಿಡಿದು ಬಾವಿಯೊಳಗೆ ತೂತು ದೊಡ್ಡದು ಮಾಡುತ್ತೇನೆ ಎನ್ನುವವರಿಗೆ ಕಾರು ಕೊಡಬೇಡಿ; ಎರಡು ಡಿಗ್ರಿ ವಾಲಿದರೂ ಪ್ಲಗ್ಗಿನ ವಾಷರ್ ಒಂದೇ ಬದಿಗೆ ಕೂರುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಎರಡನೆಯದು, ಚೂರುಗಳು ಸಿಲಿಂಡರಿನೊಳಗೆ ಉಳಿಯದಂತೆ ನೋಡಿಕೊಳ್ಳುವ ತಾಳ್ಮೆ. ಆ ಸಿಲಿಂಡರಿನ ಪಿಸ್ಟನ್ ಕೆಳಗಿರಬೇಕು, ವಾಲ್ವುಗಳು ಟ್ಯಾಪಿಗೆ ತಾಗದಂತೆ ಮುಚ್ಚಿರಬೇಕು. ಟ್ಯಾಪಿನ ಕಾಲುವೆಗಳಿಗೆ ದಪ್ಪವಾಗಿ ಗ್ರೀಸ್ ತುಂಬಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂಬಂತೆ ತಿರುಗಿಸಿ, ಎರಡು ಮೂರು ಸುತ್ತಿಗೊಮ್ಮೆ ಪೂರ್ತಿ ಹೊರತೆಗೆದು ಒರೆಸಿ, ಹೊಸ ಗ್ರೀಸ್ ತುಂಬಿ ಮತ್ತೆ ಇಳಿಸಬೇಕು. ಅಲ್ಯೂಮಿನಿಯಂ ಚೂರು ಗ್ರೀಸಿಗೆ ಅಂಟಿ ಮೇಲೆ ಬರುವುದನ್ನು ನೀವೇ ನಿಂತು ನೋಡಬಹುದು. ಕೊನೆಗೆ ವ್ಯಾಕ್ಯೂಮ್ ಕ್ಲೀನರಿಗೆ ತೆಳುವಾದ ಕೊಳವೆ ಸಿಕ್ಕಿಸಿ ಪಿಸ್ಟನ್ನಿನ ಮೇಲ್ಮೈಯನ್ನು ಸ್ವಚ್ಛ ಮಾಡಿ, ಬೋರ್‌ಸ್ಕೋಪಿನಲ್ಲಿ ನೋಡಿ, ಇಂಜೆಕ್ಟರ್ ಮತ್ತು ಕಾಯಿಲ್ಲುಗಳ ಕನೆಕ್ಷನ್ ತೆಗೆದು ಪ್ಲಗ್ ಇಲ್ಲದೆ ಎಂಜಿನ್ನನ್ನು ಸ್ಟಾರ್ಟರಿನಿಂದ ಒಂದೆರಡು ಸಲ ತಿರುಗಿಸಬೇಕು. ಆಗ ತೂತಿನ ನೇರಕ್ಕೆ ಯಾರೂ ಮುಖ ಇಡಬಾರದು.

ಈ ಎರಡು ಷರತ್ತುಗಳಲ್ಲಿ ಒಂದು ಪೂರೈಸದಿದ್ದರೂ ಹೆಡ್ ಇಳಿಸುವುದೇ ಮೇಲು. ಇಳಿಸಿದರೆ ಹೊಸ ಗ್ಯಾಸ್ಕೆಟ್ ಬೇಕಾಗುತ್ತದೆ. ಕೋನ ಅಳೆದು ಬಿಗಿಯುವ ಬಗೆಯ ಹೆಡ್ ಬೋಲ್ಟುಗಳು ಒಂದು ಸಲ ಬಿಗಿದಾಗ ಶಾಶ್ವತವಾಗಿ ಹಿಗ್ಗಿರುತ್ತವೆ. ಕಂಪನಿಯ ಕೈಪಿಡಿ ಹೊಸದು ಹಾಕಿ ಎಂದಿದ್ದರೆ ಹಳೆಯದನ್ನು ಮತ್ತೆ ಹಾಕಿಸಬೇಡಿ, ಏಕೆಂದರೆ ಅವು ಬ್ಲಾಕಿನ ಥ್ರೆಡ್ಡನ್ನೇ ಎಳೆದುಕೊಂಡು ಬಂದರೆ ನಿಮ್ಮ ಈಗಿನ ಸಮಸ್ಯೆ ಎಷ್ಟೋ ಪಾಲು ದೊಡ್ಡದಾಗುತ್ತದೆ. ಬ್ಲಾಕಿನ ಬೋಲ್ಟ್ ತೂತುಗಳಲ್ಲಿ ಎಣ್ಣೆಯೋ ಕೂಲಂಟೋ ನಿಂತಿದ್ದರೆ ಬಟ್ಟೆಯಿಂದ ಹೀರಿ ತೆಗೆಸಬೇಕು; ತಳ ಮುಚ್ಚಿದ ತೂತಿನಲ್ಲಿ ದ್ರವವಿದ್ದು ಬೋಲ್ಟ್ ಬಿಗಿದರೆ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕ್ ಸೀಳುತ್ತದೆ. ಇಳಿಸಿದ ಹೆಡ್ಡಿನ ಕೆಳಮೈಗೆ ಸ್ಟ್ರೇಟ್ ಎಡ್ಜ್ ಎಂಬ ನೇರ ಅಂಚಿನ ಪಟ್ಟಿ ಇಟ್ಟು, ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜಿನಿಂದ ನೋಡಿದಾಗ ಸಾಮಾನ್ಯವಾಗಿ 0.05 ಮಿಲಿಮೀಟರಿಗಿಂತ ಹೆಚ್ಚು ಸಂದಿ ಕಾಣಬಾರದು.

ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ಜನ ಸಿಗುತ್ತಾರೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ, ಹೆಡ್ ಕೆಲಸವನ್ನೇ ಮುಖ್ಯವಾಗಿ ಮಾಡುವವರ ಬಳಿ ಹೋಗಿ. ಮಾಮೂಲಿ ಗ್ಯಾರೇಜಿಗಿಂತ ವಾಲ್ವ್ ಸೀಟ್ ಕತ್ತರಿಸುವ, ಹೆಡ್ಡಿನ ಕೆಳಮೈಯನ್ನು ಸಮತಟ್ಟು ಮಾಡುವ (ಹೆಡ್ ಫೇಸಿಂಗ್) ಯಂತ್ರವಿರುವ ಕಡೆಯೇ ಇದು ಆಗಬೇಕು. ಯಾವ ಬುಶ್ ಹಾಕುತ್ತೀರಿ, ಅದನ್ನು ತಿರುಗದಂತೆ ಹೇಗೆ ಬಂಧಿಸುತ್ತೀರಿ, ತೂತು ನೇರವಿರಲು ಏನು ಮಾಡುತ್ತೀರಿ ಎಂದು ಕೇಳಿ. ಕೆಲಸ ಬಲ್ಲವರು ಇದಕ್ಕೆ ಬೇಸರಿಸುವುದಿಲ್ಲ, ಬುಶ್ಶನ್ನು ಅಂಗೈ ಮೇಲಿಟ್ಟು ತೋರಿಸುತ್ತಾರೆ.

ಡ್ರೈನ್ ಪ್ಲಗ್ಗಿನ ವಿಚಾರ ಇಷ್ಟು ಕಠಿಣವಲ್ಲ, ಆದರೆ ಟೇಪ್ ಸುತ್ತಿ ಬಿಡುವಷ್ಟು ಹಗುರವೂ ಅಲ್ಲ. ನಲ್ಲಿಯಲ್ಲಿ ನೀರನ್ನು ತಡೆಯುವುದು ಥ್ರೆಡ್. ಡ್ರೈನ್ ಪ್ಲಗ್ಗಿನಲ್ಲಿ ಎಣ್ಣೆಯನ್ನು ತಡೆಯುವುದು ಥ್ರೆಡ್ಡಲ್ಲ, ತಲೆಯ ಕೆಳಗಿನ ವಾಷರ್. ಥ್ರೆಡ್ಡಿನ ಕೆಲಸ ಆ ವಾಷರನ್ನು ಒತ್ತಿ ಹಿಡಿಯುವುದು. ಥ್ರೆಡ್ ಹೋದಮೇಲೆ ಒತ್ತುವ ಬಲವೇ ಇಲ್ಲ, ಟೇಪ್ ಅದನ್ನು ತಂದುಕೊಡಲಾರದು. ಕೆಟ್ಟ ರಸ್ತೆಯ ಕುಲುಕಾಟಕ್ಕೆ ಪ್ಲಗ್ ಬಿದ್ದರೆ ಎಂಜಿನ್ ಎಣ್ಣೆಯೆಲ್ಲ ನೋಡನೋಡುತ್ತಿದ್ದಂತೆ ಖಾಲಿಯಾಗುತ್ತದೆ. ಆಯಿಲ್ ದೀಪ ಹೊತ್ತಿಕೊಂಡದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಬೇರಿಂಗುಗಳು ಸವೆಯತೊಡಗಿರುತ್ತವೆ.

ಕಾರಿನ ಕೆಳಗಿನ ಆಯಿಲ್ ಚೇಂಬರಿಗೆ ಒಂದು ಆಯಸ್ಕಾಂತ ತಾಗಿಸಿ ನೋಡಿ. ಅಂಟಿಕೊಂಡರೆ ಅದು ಉಕ್ಕಿನ ತಗಡಿನದು, ಅದಕ್ಕೆ ಬೆಸೆದ ನಟ್ಟಿನಲ್ಲಿ ಥ್ರೆಡ್ ಇರುತ್ತದೆ. ಮೊದಲು ಹೊಸ ಪ್ಲಗ್ಗನ್ನೂ ಹೊಸ ವಾಷರನ್ನೂ ಕೈಯಲ್ಲೇ ತಿರುಗಿಸಿ ನೋಡಿ. ಉಕ್ಕಿನ ನಟ್ಟಿದ್ದಲ್ಲಿ ಹಾಳಾಗಿರುವುದು ಪ್ಲಗ್ ಮಾತ್ರವಾಗಿರುವುದೂ ಉಂಟು. ನಟ್ಟಿನ ಥ್ರೆಡ್ಡೇ ಹೋಗಿದ್ದರೆ ಚೇಂಬರನ್ನೇ ಬದಲಿಸಿಬಿಡಿ. ತಗಡಿನ ಚೇಂಬರ್ ಇಡೀ ಎಂಜಿನ್ನಿನಲ್ಲಿ ಅಗ್ಗದ ಭಾಗಗಳಲ್ಲೊಂದು, ಬದಲಿಸಲು ಎಂಜಿನ್ ಬಿಚ್ಚಬೇಕಾಗಿಲ್ಲ. ತಾನೇ ಥ್ರೆಡ್ ಕತ್ತರಿಸಿಕೊಂಡು ಇಳಿಯುವ ದಪ್ಪ ಪ್ಲಗ್ಗುಗಳು ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ನಾನು ಸೂಚಿಸುವುದಿಲ್ಲ: ಅವು ಬಹುಮಟ್ಟಿಗೆ ಓರೆಯಾಗಿಯೇ ಇಳಿಯುತ್ತವೆ, ಕತ್ತರಿಸಿದ ಚೂರನ್ನು ಎಣ್ಣೆಯೊಳಗೆ ಬಿಡುತ್ತವೆ. ಆಯಸ್ಕಾಂತ ಅಂಟದಿದ್ದರೆ ಚೇಂಬರ್ ಅಲ್ಯೂಮಿನಿಯಂ ಎರಕದ್ದು. ಅದಕ್ಕೆ ತಂತಿ ಸುರುಳಿಯೇ ಸಾಕು, ಅಲ್ಲಿ ಬೆಂಕಿಯೂ ಇಲ್ಲ, 50 ಬಾರ್ ಒತ್ತಡವೂ ಇಲ್ಲ. ಆದರೆ ಚೇಂಬರನ್ನು ಕಳಚಿ, ಮೇಜಿನ ಮೇಲಿಟ್ಟು, ಚೂರು ತೊಳೆದು ಹಾಕಿಸಿ.

ಹೊಸ ಪ್ಲಗ್ಗುಗಳನ್ನು ಹಾಕುವಾಗ ನೀವು ಹತ್ತಿರವೇ ನಿಂತಿರಿ. ಪೆಟ್ರೋಲ್ ಪೈಪಿನ ಒಂದು ತುಂಡನ್ನು ಪ್ಲಗ್ಗಿನ ಬಿಳಿ ಪಿಂಗಾಣಿ ತುದಿಗೆ ಸಿಕ್ಕಿಸಿ, ಆ ಪೈಪಿನಿಂದಲೇ ಪ್ಲಗ್ಗನ್ನು ಬಾವಿಗೆ ಇಳಿಸಿ ತಿರುಗಿಸಬೇಕು. ಮೊದಲು ಎಡಕ್ಕೆ ತಿರುಗಿಸಿದರೆ ಒಂದು ಕಡೆ ಪ್ಲಗ್ ಸಣ್ಣಗೆ ‘ಟಕ್’ ಎಂದು ಇಳಿಯುತ್ತದೆ. ಥ್ರೆಡ್ಡಿನ ಬಾಯಿ ಸಿಕ್ಕಿತು ಎಂದು ಅರ್ಥ, ಅಲ್ಲಿಂದ ಬಲಕ್ಕೆ. ಓರೆಯಾಗಿ ಹಿಡಿದುಕೊಂಡರೆ ರಬ್ಬರ್ ಪೈಪ್ ಜಾರುತ್ತದೆ, ಪ್ಲಗ್ ಮುಂದೆ ಹೋಗುವುದಿಲ್ಲ, ಥ್ರೆಡ್ ಉಳಿಯಿತು. ಕೊನೆಯ ಬಿಗಿ ಮಾತ್ರ, ತಿರುಗಿಸುವ ಬಲವನ್ನು (ಟಾರ್ಕ್) ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ. ಅಲ್ಯೂಮಿನಿಯಂ ಹೆಡ್ಡಿನಲ್ಲಿ ವಾಷರ್ ಇರುವ 14 ಮಿಲಿಮೀಟರ್ ಪ್ಲಗ್ಗಿಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದ ಕಡೆ, ಹೊಸ ಪ್ಲಗ್ಗಿನ ವಾಷರ್ ಹೆಡ್ಡಿಗೆ ತಾಗಿದ ಮೇಲೆ ಅರ್ಧ ಸುತ್ತು. ಥ್ರೆಡ್ಡಿಗೆ ಎಣ್ಣೆಯನ್ನೋ ಗ್ರೀಸನ್ನೋ ಹಚ್ಚಬಾರದು. ಹಚ್ಚಿದರೆ ಅದೇ ಟಾರ್ಕಿಗೆ ಪ್ಲಗ್ ಎಷ್ಟೋ ಹೆಚ್ಚು ಎಳೆದುಕೊಳ್ಳುತ್ತದೆ, ಹೊಸ ಪ್ಲಗ್ಗುಗಳ ಮೇಲಿನ ಲೇಪನವೇ ಸಾಕು.

ಇದೇ ಸಂದರ್ಭದಲ್ಲಿ ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ 6 ಮಿಲಿಮೀಟರ್ ಬೋಲ್ಟುಗಳ ಬಗ್ಗೆ ಒಂದು ಮಾತು, ಏಕೆಂದರೆ ಈ ಕೆಲಸದಲ್ಲಿ ಅವನ್ನೂ ಬಿಚ್ಚಬೇಕಾಗಬಹುದು. ಇವಕ್ಕೆ ಬೇಕಾದದ್ದು ಹೆಚ್ಚೆಂದರೆ 10 ನ್ಯೂಟನ್ ಮೀಟರ್. ಅಷ್ಟಕ್ಕೇ ಒಂದೊಂದು ಬೋಲ್ಟ್ ಸುಮಾರು 800 ಕೆಜಿ ತೂಕದ ಬಲದಿಂದ ಒತ್ತಿ ಹಿಡಿಯಬಲ್ಲದು. 30 ಸೆಂಟಿಮೀಟರ್ ಉದ್ದದ ರ‍್ಯಾಚೆಟ್ ಹಿಡಿದು 10 ಕೆಜಿಯಷ್ಟು ಎಳೆದರೆ ಬೀಳುವುದು 30 ನ್ಯೂಟನ್ ಮೀಟರ್, ಬೇಕಾದ ಮೂರು ಪಟ್ಟು. ಸಣ್ಣ ಬೋಲ್ಟಿಗೆ ಸಣ್ಣ ಹಿಡಿಕೆಯ ಸ್ಪ್ಯಾನರ್ ಬಳಸಿ ಎಂದು ಕೇಳಿಕೊಳ್ಳಿ. ಏರ್ ಗನ್ನಿನಿಂದ ಅವನ್ನು ಬಿಗಿಯಲು ಬಿಡಬೇಡಿ.

ಕಾರು ಕೈಗೆ ಬಂದಮೇಲೆ ಮೊದಲು ಊರೊಳಗೆ ಸಮತಟ್ಟು ರಸ್ತೆಯಲ್ಲಿ ಓಡಿಸಿ ಸದ್ದು ಕೇಳಿ, ಆಮೇಲೆ ಏರಿಗೆ ಒಯ್ಯಿರಿ. ಸುಮಾರು 500 ಕಿಲೋಮೀಟರ್ ಓಡಿದ ಬಳಿಕ, ಎಂಜಿನ್ ತಣ್ಣಗಿರುವ ಬೆಳಗಿನ ಹೊತ್ತು ನಡುವಿನ ಕಾಯಿಲ್ ತೆಗೆಸಿ ಬಾವಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಪ್ಲಗ್ಗಿನ ಷಟ್ಕೋನದ ಬುಡದ ಸುತ್ತ ಕಪ್ಪು ಮಸಿ ಹೊಸದಾಗಿ ಹರಡಿದ್ದರೆ ಅನಿಲ ಇನ್ನೂ ಸೋರುತ್ತಿದೆ, ಬುಶ್ ಹಾಕಿದವರಲ್ಲಿಗೇ ಕೂಡಲೇ ಹಿಂದಿರುಗಿ. ಬುಡ ಸ್ವಚ್ಛವಾಗಿದ್ದರೆ ಪ್ಲಗ್ಗನ್ನು ಮುಟ್ಟಬೇಡಿ, ಇನ್ನೊಂದಿಷ್ಟು ಬಿಗಿಯುವುದೂ ಬೇಡ; ಕಾಯಿಲ್ಲಿನ ರಬ್ಬರ್ ಬಿರುಕುಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಮೊದಲು ಮೂರಕ್ಕೂ ಹೊಸದು ಹಾಕಿಸಿ.